ಘಾನಾದ ಗೇರು ಸೀಮೆಯ ಊರಿಗೆ ನೆರವಾಗಬೇಕೆ? ಶಾಲೆ, ಆಸ್ಪತ್ರೆ ಎರಡಕ್ಕೂ ಒಂದು ಮಾರ್ಗದರ್ಶಿ

ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ನನಗೆ ಒಂದೇ ಪ್ರಶ್ನೆ ನಾಲ್ಕು ದಿಕ್ಕಿನಿಂದ ಬರುತ್ತದೆ. ಮಂಗಳೂರು, ಕಾರ್ಕಳ, ಪುತ್ತೂರು ಕಡೆಯ ಕಾರ್ಖಾನೆಗಳಿಗೆ ಕಚ್ಚಾ ಗೇರುಬೀಜ ಕೊಳ್ಳಲು ಘಾನಾಕ್ಕೆ ಹೋಗುವವರು ಕೇಳುತ್ತಾರೆ. ಅವರು ಕಳಿಸಿದ ಫೋಟೊ ನೋಡಿ ಮನೆಯವರು ಕೇಳುತ್ತಾರೆ. ಆಕ್ರಾದಲ್ಲಿ, ತೆಮಾದಲ್ಲಿ ಕೆಲಸಕ್ಕಿರುವವರೂ ಕೇಳುತ್ತಾರೆ. "ಆ ಊರಿನ ಮಕ್ಕಳ ಶಾಲೆಗೆ, ಔಷಧಿಗೆ ಏನಾದರೂ ಮಾಡಬೇಕು ಅಂತ ಇದೆ. ಎಲ್ಲಿಂದ ಶುರು ಮಾಡುವುದು ಮಾರಾಯ್ರೆ?" ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಉತ್ತರ ಕೊಟ್ಟು ಬೆರಳು ಸವೆಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ನಾನು ಹೇಳುವುದೆಲ್ಲ ಘಾನಾದ ಬೋನೊ ಪ್ರಾಂತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು. ಸುನ್ಯಾನಿ ಅದರ ರಾಜಧಾನಿ. ವೆಂಚಿ, ಸಾಂಪಾ ಸುತ್ತಿನ ಊರುಗಳಲ್ಲಿ ಗೇರು ತೋಟಗಳೇ ತೋಟಗಳು. ಹತ್ತಿರದ ಐವರಿ ಕೋಸ್ಟ್, ಬೆನಿನ್‌ಗಳಲ್ಲಿ ಆಡಳಿತ ಭಾಷೆ ಫ್ರೆಂಚ್, ಕಾನೂನೂ ಬೇರೆ. ಅಲ್ಲಿಗೆ ಇದನ್ನು ಹಾಗೆಯೇ ಅನ್ವಯಿಸಲು ಹೋಗಬೇಡಿ.

ಒಂದು ಮಾತು ಮೊದಲೇ. ಹೊಸದೇನನ್ನೂ ಕಟ್ಟಬೇಡಿ. ಶಾಲೆ ಇದೆ, ನರ್ಸ್ ಇದ್ದಾರೆ, ಆರೋಗ್ಯ ವಿಮೆಯೂ ಇದೆ. ಆದರೆ ಸರ್ಕಾರದ ಕೊಡದಲ್ಲಿ ಅಲ್ಲಲ್ಲಿ ತೂತುಗಳಿವೆ. ಆ ತೂತು ಎಲ್ಲಿದೆ ಎಂದು ಹುಡುಕಿ ಮುಚ್ಚುವುದು ನಿಮ್ಮ ಕೆಲಸ. ಹೊಸ ಕೊಡ ಹೊತ್ತು ತರುವವರೇ ಹೆಚ್ಚು, ಎರಡು ವರ್ಷ ಕಳೆದರೆ ಅದೂ ಒಡೆದಿರುತ್ತದೆ.

1. ಸರ್ಕಾರ ಏನು ಕೊಡುತ್ತದೆ, ತಿಳಿದುಕೊಳ್ಳಿ

ಘಾನಾದಲ್ಲಿ ಕಿಂಡರ್‌ಗಾರ್ಟನ್ ಎರಡು ವರ್ಷ, ಪ್ರೈಮರಿ ಆರು, ಜೂನಿಯರ್ ಹೈ ಮೂರು, ಸೀನಿಯರ್ ಹೈ ಮೂರು. ಜೂನಿಯರ್ ಹೈ ಮುಗಿಸುವಾಗ ಬರೆಯುವ ಪರೀಕ್ಷೆ ಬಿಇಸಿಇ. ನಮ್ಮ ಎಸ್ಸೆಸ್ಸೆಲ್ಸಿಯಂತೆ ಮನೆಯವರ ನಿದ್ದೆ ಕೆಡಿಸುವುದು ಇದೇ. ಸೀನಿಯರ್ ಹೈ ಮುಗಿಸುವಾಗ ವಾಸ್ಸಿ ಪರೀಕ್ಷೆ. ಸರ್ಕಾರಿ ಶಾಲೆಯಲ್ಲಿ ಜೂನಿಯರ್ ಹೈವರೆಗೆ ಬೋಧನಾ ಶುಲ್ಕವಿಲ್ಲ. 2017ರ ಸೆಪ್ಟೆಂಬರ್‌ನಿಂದ ಸೀನಿಯರ್ ಹೈ ಕೂಡ ಉಚಿತ. ಆದ್ದರಿಂದ ಸರ್ಕಾರಿ ಶಾಲೆಯ ಮಗುವಿನ "ಬೋಧನಾ ಶುಲ್ಕಕ್ಕೆ ದುಡ್ಡು ಬೇಕು" ಎಂದು ಯಾರಾದರೂ ಸಂದೇಶ ಕಳಿಸಿದರೆ ಎರಡು ಸಲ ಯೋಚಿಸಿ.

ಆರೋಗ್ಯಕ್ಕೆ ರಾಷ್ಟ್ರೀಯ ಆರೋಗ್ಯ ವಿಮೆ ಇದೆ, ಎನ್‌ಎಚ್‌ಐಎಸ್. ಕಾನೂನು ಬಂದದ್ದು 2003ರಲ್ಲಿ. 18ಕ್ಕಿಂತ ಕೆಳಗಿನವರು, 70 ದಾಟಿದವರು, ಬಸುರಿಯರು, ಕಡುಬಡವರೆಂದು ಗುರುತಿಸಲ್ಪಟ್ಟವರು ಪ್ರೀಮಿಯಂ ಕಟ್ಟಬೇಕಿಲ್ಲ. ಆದರೆ ಕಾರ್ಡನ್ನು ವರ್ಷಕ್ಕೊಮ್ಮೆ ನವೀಕರಿಸಲೇಬೇಕು.

ಹಳ್ಳಿಯ ಮಟ್ಟದಲ್ಲಿ ಇರುವುದು "ಚಿಪ್ಸ್ ಕಾಂಪೌಂಡ್". ತಿನ್ನುವ ಚಿಪ್ಸ್ ಅಲ್ಲ. ಸಮುದಾಯ ಆರೋಗ್ಯ ಯೋಜನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಜನ ಹಾಗೆ ಕರೆಯುತ್ತಾರೆ. ಉತ್ತರದ ನವ್ರೊಂಗೊದಲ್ಲಿ ಪ್ರಯೋಗವಾಗಿ ಶುರುವಾದ ಈ ಪದ್ಧತಿ 1999ರಲ್ಲಿ ದೇಶದ ನೀತಿಯಾಯಿತು. ನಮ್ಮ ಉಪಕೇಂದ್ರದ ಹಾಗೆ ಒಂದು ಪುಟ್ಟ ಕಟ್ಟಡ, ಅಲ್ಲೇ ವಾಸಿಸುವ ನರ್ಸ್, ಅವರ ಸುತ್ತಾಟಕ್ಕೊಂದು ಬೈಕು.

ಯೋಜನೆಗಳು ಬದಲಾಗುತ್ತಿರುತ್ತವೆ. ಹೆಣ್ಣುಮಕ್ಕಳಿಗೆ ಪ್ಯಾಡ್ ಹಂಚುವುದು ಹೊರಗಿನವರ ಅಚ್ಚುಮೆಚ್ಚಿನ ಕೆಲಸವಾಗಿತ್ತು. 2025ರಲ್ಲಿ ಸರ್ಕಾರವೇ ಶಾಲೆಗಳಲ್ಲಿ ಉಚಿತ ಹಂಚಿಕೆ ಶುರುಮಾಡಿತು. ಅದು ನಿಮ್ಮ ಊರಿಗೆ ಮುಟ್ಟಿದೆಯೇ ಎಂದು ಕೇಳಿ, ಆಮೇಲೆ ಕೊಳ್ಳಿ.

2. ಊರಿಗೆ ಹೋದಾಗ ಕ್ರಮ ತಪ್ಪಬೇಡಿ

ನೇರವಾಗಿ ಶಾಲೆಯ ಅಂಗಳಕ್ಕೆ ಗಾಡಿ ನುಗ್ಗಿಸಬೇಡಿ. ಮೊದಲು ಊರಿನ ಮುಖ್ಯಸ್ಥರ ಮನೆ. ಆಕಾನ್ ಜನರ ಊರಿನಲ್ಲಿ ಅವರನ್ನು "ನಾನಾ" ಎಂದು ಕರೆಯಬೇಕು, ಹೆಸರು ಹಿಡಿದಲ್ಲ. ಬರಿಗೈಯಲ್ಲಿ ಹೋಗುವಂತಿಲ್ಲ. ಒಂದು ಬಾಟಲಿ ಶ್ನ್ಯಾಪ್ಸ್ ವಾಡಿಕೆ. ಇದು ಡಚ್ಚರ ಕಾಲದಿಂದ ಬಂದ ಮದ್ಯ, ಹಿರಿಯರ ಹೆಸರಿನಲ್ಲಿ ನೆಲಕ್ಕೆ ತರ್ಪಣ ಬಿಡಲು. ಮುಸ್ಲಿಂ ಮುಖ್ಯಸ್ಥರಾದರೆ, ಅಥವಾ ನೀವು ಇನ್ನೂ ಉತ್ತರಕ್ಕೆ ಹೋದರೆ, ಕೋಲಾ ಕಾಯಿ. ಯಾವುದು ಸರಿ ಎಂದು ನಿಮ್ಮ ಬೀಜದ ಏಜೆಂಟನ್ನೇ ಕೇಳಿ.

ಕೂರಿಸುತ್ತಾರೆ, ಕುಡಿಯಲು ನೀರು ಕೊಡುತ್ತಾರೆ. ನೀರು ಕುಡಿದಾದ ಮೇಲೆ ಬಂದ ಕಾರಣ ಕೇಳುತ್ತಾರೆ, ಅದಕ್ಕೆ "ಅಮನ್ನೆ" ಎನ್ನುತ್ತಾರೆ. ಅದಕ್ಕೆ ಮೊದಲು ವಿಷಯ ಎತ್ತಿದರೆ ಅವಸರದ ಮನುಷ್ಯ ಎಂದು ಲೆಕ್ಕ. ಬಾಯಾರಿದವರಿಗೆ ನೀರು ಬೆಲ್ಲ ಕೊಟ್ಟು ಆಮೇಲೆ ಮಾತಿಗೆ ಕೂರುವ ನಮ್ಮ ಹಳೆ ಮನೆಗಳ ಪದ್ಧತಿ ಬಲ್ಲವರಿಗೆ ಇದು ಹೊಸದೆನಿಸದು. ಇನ್ನೊಂದು ಸಂಗತಿ: ನಾನಾ ಅವರೊಡನೆ ನೇರ ಮಾತಿಲ್ಲ. ಪಕ್ಕದಲ್ಲಿ ಕೋಲು ಹಿಡಿದು ಕೂತವರು "ಓಚ್ಯಾಮೆ", ಅರಸನ ಮಾತುಗಾರ. ನೀವು ಅವರಿಗೆ ಹೇಳುವುದು, ಅವರು ನಾನಾ ಅವರಿಗೆ ದಾಟಿಸುವುದು, ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಕೇಳಿಸಿಕೊಂಡಿದ್ದರೂ. ನಗು ಬಂದರೆ ತಡೆದುಕೊಳ್ಳಿ. ಎಡಗೈಯಲ್ಲಿ ಏನನ್ನೂ ಕೊಡಬೇಡಿ, ಇದು ನಮಗೂ ಗೊತ್ತಿರುವ ನಿಯಮವೇ.

ಮೊದಲ ಭೇಟಿಯಲ್ಲಿ ಯಾವ ಮಾತೂ ಕೊಡಬೇಡಿ. "ನೋಡೋಣ" ಎಂದದ್ದನ್ನೂ ಅಲ್ಲಿ ಒಪ್ಪಿಗೆ ಎಂದೇ ಎಣಿಸುವವರಿದ್ದಾರೆ. ನಾವು ಕೊಳ್ಳುವವರು, ಅವರು ಮಾರುವವರು ಎಂಬ ಸಂಬಂಧ ಮೊದಲೇ ಇರುವಾಗ ನಿಮ್ಮ ಶಾಲೆಯ ಮಾತು ಬೀಜದ ದರದ ಮಾತಿನೊಡನೆ ಕಲಸಿಹೋಗುತ್ತದೆ. ಬೀಜ ತೂಕ ಹಾಕುವ ದಿನ, ತೂಕ ಹಾಕುವ ಜಾಗದಲ್ಲಿ ಈ ವಿಷಯ ಬೇಡವೇ ಬೇಡ.

3. ಕಚೇರಿಗೆ ಹೋಗಿ, ಪತ್ರ ಕೊಡಿ

ಶಾಲೆಗಾದರೆ ಜಿಲ್ಲಾ ಶಿಕ್ಷಣ ಕಚೇರಿ, ಆರೋಗ್ಯಕ್ಕಾದರೆ ಜಿಲ್ಲಾ ಆರೋಗ್ಯ ಕಚೇರಿ. ಒಂದು ಪುಟದ ಪತ್ರ ಸಾಕು. ಯಾರು, ಯಾವ ಶಾಲೆ, ಏನು, ಎಷ್ಟು ವರ್ಷ. ಸ್ವೀಕೃತಿಯ ಮುದ್ರೆ ಹಾಕಿಸಿದ ಪ್ರತಿ ನಿಮ್ಮ ಹತ್ತಿರ ಇರಲಿ. ಮುಖ್ಯೋಪಾಧ್ಯಾಯರು ವರ್ಗವಾದಾಗ ನಿಮ್ಮನ್ನು ಕಾಪಾಡುವುದು ಈ ಮುದ್ರೆಯೇ.

ಗುಂಪಾಗಿ, ದೊಡ್ಡ ಮಟ್ಟದಲ್ಲಿ ಮಾಡುವ ಆಸೆಯಿದ್ದರೆ ಅಲ್ಲೇ ಸಂಸ್ಥೆ ನೋಂದಾಯಿಸಬೇಕಾಗುತ್ತದೆ. ನನ್ನನ್ನು ಕೇಳಿದರೆ ಮೊದಲ ಮೂರು ವರ್ಷ ಆ ಗೋಜು ಬೇಡ. ಆ ಜಿಲ್ಲೆಯಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ, ನೋಂದಣಿ ನವೀಕರಿಸಿಕೊಂಡ ಸಂಸ್ಥೆಯೊಂದರ ಜತೆ ಸೇರಿ. ಕ್ರೈಸ್ತ ಮಿಷನ್ ಆಸ್ಪತ್ರೆಗಳು ಅಲ್ಲಿ ಸರ್ಕಾರದೊಡನೆ ಕೈಜೋಡಿಸಿಯೇ ನಡೆಯುತ್ತವೆ. ವೆಂಚಿಯ ಮೆಥಡಿಸ್ಟ್ ಆಸ್ಪತ್ರೆ ಅಂಥದ್ದು.

ಅನಾಥಾಶ್ರಮದ ವಿಷಯದಲ್ಲಿ ಮಾತ್ರ ಖಡಾಖಂಡಿತ ಹೇಳುತ್ತೇನೆ: ಹೊಸದು ತೆರೆಯಬೇಡಿ, ರಸ್ತೆ ಬದಿಯ ಬೋರ್ಡು ನೋಡಿ ದುಡ್ಡು ಕೊಡಬೇಡಿ. ಅಲ್ಲಿರುವ ಅನೇಕ ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದೇ ಇರುತ್ತಾರೆ. ಮಕ್ಕಳನ್ನು ಮನೆಗೆ, ನೆಂಟರಿಗೆ ಮರಳಿಸುವುದೇ ಅಲ್ಲಿನ ಸಮಾಜ ಕಲ್ಯಾಣ ಇಲಾಖೆಯ ನೀತಿ. ನಿಮ್ಮ ದುಡ್ಡು ಹರಿದಷ್ಟೂ ಮಕ್ಕಳನ್ನು ಮನೆಯಿಂದ ಹೊರಗೆ ಎಳೆಯುತ್ತದೆ.

4. ಭಾರತದಿಂದ ದುಡ್ಡು ಕಳಿಸುವ ದಾರಿ

ಇಲ್ಲಿ ಎಡವುವವರು ಬಹಳ, ಆದ್ದರಿಂದ ಸ್ವಲ್ಪ ವಿವರವಾಗಿ.

ಭಾರತದಲ್ಲಿ ವಾಸಿಸುವ ವ್ಯಕ್ತಿ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಉಡುಗೊರೆ, ದಾನ ಎರಡೂ ಅದರೊಳಗೇ ಬರುತ್ತವೆ. ಪ್ಯಾನ್ ಬೇಕು, ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಬೇಕು. ಫಾರ್ಮಿನಲ್ಲಿ ಉದ್ದೇಶದ ಸಂಕೇತ ಕೇಳುತ್ತಾರೆ. ವ್ಯಕ್ತಿಗೆ ಉಡುಗೊರೆ ಬೇರೆ, ಧರ್ಮಾರ್ಥ ಸಂಸ್ಥೆಗೆ ದಾನ ಬೇರೆ. ತಪ್ಪು ಗುರುತು ಹಾಕಿದರೆ ದುಡ್ಡು ನಡುವೆ ನಿಂತು ನೀವು ಮ್ಯಾನೇಜರ್ ಮುಂದೆ ಕೂರುವಂತಾಗುತ್ತದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗಿನ ರವಾನೆಗೆ ಟಿಸಿಎಸ್ ಇಲ್ಲ. ಟಿಸಿಎಸ್ ಎಂದರೆ ಬ್ಯಾಂಕು ಮುಂಗಡವಾಗಿ ಹಿಡಿಯುವ ತೆರಿಗೆ. ದಾನದ ರವಾನೆ ಆ ಮಿತಿ ದಾಟಿದರೆ ದಾಟಿದ ಮೊತ್ತಕ್ಕೆ ಶೇ. 20. ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ.

ಇಷ್ಟು ಕಾಯಂ ಆಗಿ ನೆನಪಿಡಿ. ಘಾನಾದ ಸಂಸ್ಥೆಗೆ ಕೊಟ್ಟದ್ದಕ್ಕೆ ಇಲ್ಲಿ ದಾನಕ್ಕಿರುವ 80ಜಿ ತೆರಿಗೆ ವಿನಾಯಿತಿ ಸಿಗದು. ಕಾರ್ಖಾನೆ ಮಾಲೀಕರೇ, ನಿಮ್ಮ ಕಂಪನಿಯ ಸಮಾಜಸೇವಾ ಖರ್ಚಿನ ಸಿಎಸ್‌ಆರ್ ಬಾಬತ್ತಿಗೂ ಇದು ಬರುವುದಿಲ್ಲ. ಭಾರತದ ಹೊರಗೆ ಮಾಡಿದ ಕೆಲಸವನ್ನು ಸಿಎಸ್‌ಆರ್ ನಿಯಮ ಲೆಕ್ಕಕ್ಕೆ ಹಿಡಿಯದು. ನಿಮ್ಮ ಊರಿನ ಧರ್ಮಾರ್ಥ ಟ್ರಸ್ಟಿನ ಖಾತೆಯಿಂದ ಕಳಿಸೋಣ ಎನ್ನುತ್ತೀರಾ? ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮತಿಯಿಲ್ಲದೆ ಹೊರದೇಶದಲ್ಲಿ ಖರ್ಚು ಮಾಡಿದ ಮೊತ್ತಕ್ಕೆ ಟ್ರಸ್ಟಿನ ತೆರಿಗೆ ವಿನಾಯಿತಿ ಹೋಗುತ್ತದೆ. ಲೆಕ್ಕಪರಿಶೋಧಕರನ್ನು ಕೇಳದೆ ಕೈ ಹಾಕಬೇಡಿ.

ಬೀಜದ ಬಿಲ್ಲಿನಲ್ಲಿ ಸ್ವಲ್ಪ ಏರಿಸಿ ಆ ದುಡ್ಡನ್ನು ಅಲ್ಲಿ ಶಾಲೆಗೆ ಕೊಡುವ "ಜಾಣತನ"ವನ್ನು ಕೆಲವರು ನನ್ನ ಮುಂದೆಯೇ ಹೇಳಿದ್ದಾರೆ. ಅದು ವಿದೇಶಿ ವಿನಿಮಯ ಕಾನೂನಿನ ಉಲ್ಲಂಘನೆ. ಪುಣ್ಯದ ಕೆಲಸ ಎಂದರೆ ಅಧಿಕಾರಿಗಳು ಬಿಡುವುದಿಲ್ಲ.

ಅಲ್ಲಿ ದುಡ್ಡು ಓಡಾಡುವುದು ಮೊಬೈಲ್ ಮನಿಯಲ್ಲಿ, "ಮೋಮೊ" ಎನ್ನುತ್ತಾರೆ. ನಮ್ಮ ಯುಪಿಐ ಇದ್ದ ಹಾಗೆ, ಆದರೆ ಬ್ಯಾಂಕ್ ಖಾತೆ ಬೇಡ, ಸಿಮ್ಮೇ ಖಾತೆ. ದುಡ್ಡು ಕಳಿಸುವಾಗ ಎದುರಿನವರ ನೋಂದಾಯಿತ ಹೆಸರು ಕಾಣುತ್ತದೆ. ಹೆಸರು ಹೊಂದದಿದ್ದರೆ ನಿಲ್ಲಿಸಿ. ಬಜೆಟ್ಟನ್ನು ಡಾಲರ್‌ನಲ್ಲೋ ರೂಪಾಯಿಯಲ್ಲೋ ಹಾಕದೆ ಘಾನಾದ ನಾಣ್ಯವಾದ ಸೇಡಿಯಲ್ಲಿ ಹಾಕಿ. 2022ರಲ್ಲಿ ಸೇಡಿ ಪಾತಾಳಕ್ಕಿಳಿಯಿತು, 2025ರಲ್ಲಿ ದಿಢೀರನೆ ಚೇತರಿಸಿಕೊಂಡಿತು. ಡಾಲರ್ ಲೆಕ್ಕದಲ್ಲಿ ಮಾತು ಕೊಟ್ಟವರು ಎರಡೂ ಸಲ ಪೇಚಿಗೆ ಸಿಲುಕಿದರು.

5. ಶಾಲೆ: ಶುಲ್ಕಕ್ಕಿಂತ ಪೆಟ್ಟಿಗೆ ಮುಖ್ಯ

ಬಿಇಸಿಇ ಫಲಿತಾಂಶ ಬಂದ ಮೇಲೆ ಕಂಪ್ಯೂಟರ್ ಮೂಲಕ ಮಕ್ಕಳಿಗೆ ಸೀನಿಯರ್ ಹೈ ಶಾಲೆ ಹಂಚುತ್ತಾರೆ. ಎಷ್ಟೋ ಸಲ ಅದು ದೂರದ ಊರಿನ ಬೋರ್ಡಿಂಗ್ ಶಾಲೆ. ಓದು ಉಚಿತ. ಆದರೆ ಶಾಲೆ ಒಂದು ಪಟ್ಟಿ ಕೊಡುತ್ತದೆ, ಅಲ್ಲಿ ಅದಕ್ಕೆ "ಪ್ರಾಸ್ಪೆಕ್ಟಸ್" ಎನ್ನುತ್ತಾರೆ. ಹಾಸಿಗೆ, ಬಕೆಟ್, ಕಟ್ಟಿಗೆಯ ಪೊರಕೆ, ಕತ್ತಿ, ಬೆಡ್‌ಶೀಟು, ತಗಡಿನ ಟ್ರಂಕು ಮತ್ತು "ಚಾಪ್ ಬಾಕ್ಸ್".

ಈ ಚಾಪ್ ಬಾಕ್ಸನ್ನು ನೀವೊಮ್ಮೆ ನೋಡಬೇಕು. ಬಡಗಿ ಮಾಡಿದ ಮರದ ಪೆಟ್ಟಿಗೆ, ಮುಚ್ಚಳಕ್ಕೆ ಬೀಗ, ಮೇಲೆ ಮಗುವಿನ ಹೆಸರು ಬಣ್ಣದಲ್ಲಿ. ಒಳಗೆ ಗಾರಿ, ಸಕ್ಕರೆ, ಹಾಲಿನ ಪುಡಿ, ಡಬ್ಬಿ ಮೀನು, ಒಂದು ಬಾಟಲಿ ಶಿಟೊ. ಗಾರಿ ಎಂದರೆ ಮರಗೆಣಸನ್ನು ತುರಿದು, ಹುಳಿ ಬರಿಸಿ, ಹಿಂಡಿ, ಹುರಿದ ರವೆ. ತಣ್ಣೀರು, ಸಕ್ಕರೆ ಹಾಕಿ ನೆನೆಸಿ ತಿನ್ನುವುದು ನೋಡಿದರೆ ನಮ್ಮ ನೆನೆಸಿದ ಅವಲಕ್ಕಿಯ ನೆನಪಾಗುತ್ತದೆ. ಶಿಟೊ ಎಂದರೆ ಒಣಮೀನು, ಸೀಗಡಿ, ಮೆಣಸು ಸೇರಿಸಿ ಎಣ್ಣೆಯಲ್ಲಿ ಕುದಿಸಿದ ಕಪ್ಪು ಚಟ್ನಿ. ತಾಯಂದಿರು ವಾರಗಟ್ಟಲೆ ಇದನ್ನು ಜೋಡಿಸುತ್ತಾರೆ. ಪೆಟ್ಟಿಗೆ ಇಲ್ಲದ ಮಗು ಹಾಸ್ಟೆಲಿಗೆ ತಡವಾಗಿ ಹೋಗುತ್ತದೆ, ಕೆಲವೊಮ್ಮೆ ಹೋಗುವುದೇ ಇಲ್ಲ.

ಹಾಗಾಗಿ ನಾನು ಹೇಳುವ ಮೊದಲ ಕೆಲಸ ಇದು. ಜೂನಿಯರ್ ಹೈ ಮುಖ್ಯೋಪಾಧ್ಯಾಯರ ಬಳಿ ಆ ವರ್ಷ ಸೀಟು ಸಿಕ್ಕವರಲ್ಲಿ ಕೈಲಾಗದವರ ಪಟ್ಟಿ ಕೇಳಿ. ಪಟ್ಟಿಗೆ ಪೋಷಕರ ಸಂಘ ಮತ್ತು ಶಾಲಾ ಆಡಳಿತ ಸಮಿತಿ ಸಹಿ ಹಾಕಲಿ. ದುಡ್ಡು ಮನೆಗೆ ಕೊಡಬೇಡಿ, ಸಾಮಾನನ್ನೂ ಬೆಂಗಳೂರಿಂದ ಕಳಿಸಬೇಡಿ. ಊರಿನ ಬಡಗಿಗೆ ಪೆಟ್ಟಿಗೆ ಹೇಳಿ, ಉಳಿದದ್ದು ಟೆಚಿಮಾನ್ ಸಂತೆಯಲ್ಲಿ ಕೊಳ್ಳಿಸಿ. ಸೀಟು ಹಂಚಿಕೆಗೂ ಶಾಲೆ ತೆರೆಯುವುದಕ್ಕೂ ನಡುವೆ ಕಾಲ ಕಡಿಮೆ. ದುಡ್ಡು ಮೊದಲೇ ಅಲ್ಲಿರಬೇಕು.

ಎರಡನೆಯದು ಓದು. ಮೂರನೆಯ ತರಗತಿವರೆಗೆ ಮಾತೃಭಾಷೆ, ನಾಲ್ಕರಿಂದ ಇಂಗ್ಲಿಷ್ ಮಾಧ್ಯಮ ಎಂಬುದು ಅಲ್ಲಿನ ನೀತಿ. ಆ ಹೊಸ್ತಿಲಲ್ಲಿ ಮಕ್ಕಳು ಎಡವುತ್ತಾರೆ. ಕನ್ನಡ ಶಾಲೆಯಲ್ಲಿ ಕಲಿತು ಆಮೇಲೆ ಇಂಗ್ಲಿಷಿಗೆ ಬಿದ್ದ ನನ್ನಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಕಾನ್ ಜನರ ಟ್ವಿ ಭಾಷೆಯ ಓದುವ ಪುಸ್ತಕ ಕೊಳ್ಳಿ, ಊರಿನ ನಿವೃತ್ತ ಶಿಕ್ಷಕರೊಬ್ಬರಿಗೆ ಸಂಜೆ ಪಾಠಕ್ಕೆ ಗೌರವಧನ ಕೊಡಿ. ನಿಮ್ಮ ಮಕ್ಕಳ ಹಳೆ ಪಠ್ಯಪುಸ್ತಕ ಬೇಡ, 2019ರಿಂದ ಅಲ್ಲಿ ಹೊಸ ಪಠ್ಯಕ್ರಮ.

ಮೂರನೆಯದು ನಮ್ಮ ಕೈಯಲ್ಲೇ ಇದೆ. ಫೆಬ್ರವರಿಯಿಂದ ಬೀಜ ಬೀಳುವ ತಿಂಗಳುಗಳಲ್ಲಿ ತರಗತಿ ಖಾಲಿಯಾಗುತ್ತದೆ. ಮಕ್ಕಳು ತೋಟದಲ್ಲಿ ಹೆಕ್ಕುತ್ತಿರುತ್ತಾರೆ. ಶಾಲೆಯ ಹೊತ್ತಿನಲ್ಲಿ ಮಕ್ಕಳು ತಂದ ಬೀಜ ಕೊಳ್ಳುವುದಿಲ್ಲ ಎಂದು ನಿಮ್ಮ ಏಜೆಂಟರಿಗೆ ಹೇಳಿ. ಇದಕ್ಕೆ ಬ್ಯಾಂಕೂ ಬೇಡ, ಎ2 ಫಾರ್ಮೂ ಬೇಡ.

ಒಂದು ತಪ್ಪು ನನ್ನದೂ ಇದೆ. ಮೊದಲ ವರ್ಷ ಉತ್ಸಾಹದಲ್ಲಿ 60 ಸ್ಕೂಲ್ ಬ್ಯಾಗು ಒಯ್ದೆ. ಶಾಲೆಯಲ್ಲಿ ಮಕ್ಕಳು 214. ಮುಖ್ಯೋಪಾಧ್ಯಾಯಿನಿ ನಗುತ್ತಲೇ ತೆಗೆದುಕೊಂಡರು, ಆ ಸಂಜೆ ಅವರ ಮನೆ ಬಾಗಿಲಲ್ಲಿ ಬೈದ ತಾಯಂದಿರ ಲೆಕ್ಕ ಮರುವರ್ಷ ಹೇಳಿದರು. ಕೊಟ್ಟರೆ ಒಂದು ತರಗತಿಯ ಎಲ್ಲರಿಗೂ ಕೊಡಿ, ಇಲ್ಲವೇ ಶಾಲೆಗೇ ಸೇರುವ ವಸ್ತು ಕೊಡಿ.

6. ಆರೋಗ್ಯ: ಕಾರ್ಡು, ನೀರು, ಕನ್ನಡಕ

ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲದ ಕೆಲಸ ವಿಮೆ ಕಾರ್ಡಿನ ನವೀಕರಣ. ಮಕ್ಕಳಿಗೆ ಪ್ರೀಮಿಯಂ ಇಲ್ಲದಿದ್ದರೂ ಸಣ್ಣ ಸಂಸ್ಕರಣಾ ಶುಲ್ಕ ಇದೆ. ಅಷ್ಟಕ್ಕೇ ಎಷ್ಟೋ ಕಾರ್ಡು ಸತ್ತು ಬಿದ್ದಿರುತ್ತದೆ. ಮಲೇರಿಯಾ ಜ್ವರದಲ್ಲಿ ಆಸ್ಪತ್ರೆಗೆ ಹೋದಾಗಲೇ ಅದು ಗೊತ್ತಾಗುವುದು. ಸಾಮಾನ್ಯ ಫೋನಿನಲ್ಲಿ *929# ಒತ್ತಿ ಮೋಮೊ ಮೂಲಕ ನವೀಕರಿಸಬಹುದು. ಹೊಸದಾಗಿ ಸೇರುವವರಿಗೆ ಮಾತ್ರ ಜಿಲ್ಲಾ ವಿಮಾ ಕಚೇರಿಯವರು ಬೇಕು. ಅವರನ್ನು ಸಂತೆಯ ದಿನ ಊರಿಗೆ ಬರಲು ಕೇಳಿ, ಗಾಡಿ ಖರ್ಚು ನೀವು ಕೊಡಿ. ಇದನ್ನು ಗೇರು ಸೀಸನ್ ಮುಗಿದ ಮೇಲಿನ ತಿಂಗಳುಗಳಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು, ಜನರ ಕೈಯಲ್ಲಿ ದುಡ್ಡು ಬತ್ತುವುದು ಆಗಲೇ.

ವಿಮೆ ಹೊರದ ಬಾಬತ್ತುಗಳೂ ಇವೆ: ಕನ್ನಡಕ, ಶ್ರವಣ ಸಾಧನ, ಕೃತಕ ಹಲ್ಲು, ಊರುಗೋಲಿನಂಥವು. ಶಾಲೆಯಲ್ಲಿ ಹಿಂದಿನ ಬೆಂಚಿನ "ದಡ್ಡ" ಮಗುವಿಗೆ ಬೋರ್ಡು ಕಾಣುತ್ತಿಲ್ಲ ಎಂಬುದು ಎಲ್ಲ ದೇಶದ ಕಥೆ. ಜಿಲ್ಲಾ ಆಸ್ಪತ್ರೆಯ ಕಣ್ಣಿನ ನರ್ಸ್ ಅವರಿಂದ ತಪಾಸಣೆ ಮಾಡಿಸಿ, ಕನ್ನಡಕದ ಖರ್ಚು ನೀವು ಹೊತ್ತರೆ ಒಂದೇ ಏಟಿಗೆ ಶಾಲೆ, ಆಸ್ಪತ್ರೆ ಎರಡೂ ಆಯಿತು.

ಚಿಪ್ಸ್ ಕಾಂಪೌಂಡಿಗೆ ಹೋದರೆ ನರ್ಸನ್ನೇ ಕೇಳಿ, ಹೊರಡುವ ಮುಂಚೆ ತಲೆಯಲ್ಲಿ ಪಟ್ಟಿ ಮಾಡಿಕೊಂಡು ಹೋಗಬೇಡಿ. ಕೂಸುಗಳ ತೂಕ ನೋಡುವ ದಿನ ಹೋಗುವುದು ಉತ್ತಮ. ಮರದ ಕೊಂಬೆಗೆ ತಕ್ಕಡಿ ತೂಗುಹಾಕಿ, ಬಟ್ಟೆಯ ಚೀಲದಲ್ಲಿ ಕೂಸುಗಳನ್ನು ಒಂದೊಂದಾಗಿ ತೂಗಿ, ಲಸಿಕೆ ಹಾಕಿ ಪುಸ್ತಕದಲ್ಲಿ ಬರೆಯುತ್ತಾರೆ. ಅರ್ಧ ದಿನ ಸುಮ್ಮನೆ ಕೂತರೆ ಏನು ಕಡಿಮೆ ಇದೆ ಎಂದು ಕಣ್ಣಿಗೇ ಕಾಣುತ್ತದೆ. ಬಹುಮಟ್ಟಿಗೆ ಅದು ಯಂತ್ರವಲ್ಲ. ಹೆರಿಗೆ ಕೋಣೆಗೆ ನೀರು, ಬೈಕಿಗೆ ಪೆಟ್ರೋಲು, ರಾತ್ರಿಗೆ ಸೋಲಾರ್ ದೀಪ. ನಾವು ಸಿಂಟೆಕ್ಸ್ ಎನ್ನುವ ಟ್ಯಾಂಕಿಗೆ ಅಲ್ಲಿ "ಪಾಲಿಟ್ಯಾಂಕ್" ಎನ್ನುತ್ತಾರೆ. ಒಂದು ಪಾಲಿಟ್ಯಾಂಕ್, ಮಾಡಿನಿಂದ ಅದಕ್ಕೊಂದು ದಂಬೆ, ಒಂದು ನಲ್ಲಿ. ಇಷ್ಟಕ್ಕೆ ಅಲ್ಲಿನ ಪ್ಲಂಬರ್ ಸಾಕು.

ಒಬ್ಬ ರೋಗಿಗೆ ನೆರವಾಗುವುದಾದರೆ ದುಡ್ಡನ್ನು ಆಸ್ಪತ್ರೆಯ ಲೆಕ್ಕ ವಿಭಾಗಕ್ಕೇ ಕಟ್ಟಿ ರಸೀದಿ ತೆಗೆದುಕೊಳ್ಳಿ. ಹಾಸಿಗೆಯ ಮೇಲಿನ ಫೋಟೊ ಕಳಿಸಿ "ಈಗಲೇ ಕಳಿಸಿ" ಎನ್ನುವ ಸಂದೇಶಗಳಲ್ಲಿ ಮೋಸವೂ ಇರುತ್ತದೆ. ಘಾನಾದ ಜನರೇ ಅಂತರ್ಜಾಲದ ವಂಚನೆಗೆ "ಸಕಾವಾ" ಎಂದು ಹೆಸರಿಟ್ಟು ಬೈಯುತ್ತಾರೆ.

7. ಸೂಟ್‌ಕೇಸಿನಲ್ಲಿ ಔಷಧಿ ಒಯ್ಯಬೇಡಿ

ಇದು ನಮ್ಮವರು ಮಾಡುವ ಅತಿ ದೊಡ್ಡ ತಪ್ಪು. "ನಮ್ಮಲ್ಲಿ ಅಗ್ಗ, ಒಂದು ಚೀಲ ಒಯ್ದರಾಯಿತು" ಎಂಬ ಯೋಚನೆ. ಘಾನಾದಲ್ಲಿ ದಾನದ ಔಷಧಿಗೂ ಅಲ್ಲಿನ ಆಹಾರ ಮತ್ತು ಔಷಧ ಪ್ರಾಧಿಕಾರದ ಅನುಮತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ತಲುಪಿದಾಗ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು. 2022ರಲ್ಲಿ ಪಶ್ಚಿಮ ಆಫ್ರಿಕದ್ದೇ ಗ್ಯಾಂಬಿಯಾದಲ್ಲಿ ಹತ್ತಾರು ಮಕ್ಕಳು ಸತ್ತಾಗ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟದ್ದು ಭಾರತದಲ್ಲಿ ತಯಾರಾದ ನಾಲ್ಕು ಸಿರಪ್‌ಗಳ ಬಗ್ಗೆ. ಭಾರತದ ಪಾಸ್‌ಪೋರ್ಟು ಹಿಡಿದು ಮಾತ್ರೆ ತುಂಬಿದ ಚೀಲದೊಡನೆ ಇಳಿದವರನ್ನು ಅಧಿಕಾರಿಗಳು ಯಾವ ಕಣ್ಣಿನಿಂದ ನೋಡುತ್ತಾರೆಂದು ನೀವೇ ಊಹಿಸಿ.

ಹಾವಿನ ವಿಷದ ಚುಚ್ಚುಮದ್ದನ್ನಂತೂ ಮುಟ್ಟಲೇಬೇಡಿ. ಗೇರು ತೋಟದಲ್ಲಿ ತರಗೆಲೆಯೊಳಗೆ ಕೈಹಾಕಿ ಬೀಜ ಹೆಕ್ಕುವಾಗ ಹಾವು ಕಚ್ಚುವುದು ಅಲ್ಲೂ ಇದೆ. ಆದರೆ ನಮ್ಮ ಪ್ರತಿವಿಷ ತಯಾರಾಗುವುದು ನಮ್ಮ ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲಗಳ ವಿಷದಿಂದ. ಅಲ್ಲಿನ ಮಂಡಲದ ಹಾವು ಹತ್ತಿರದ ಜಾತಿಯದಾದರೂ ವಿಷ ಬೇರೆ. ಇದು ಬರೀ ತರ್ಕವಲ್ಲ. ಬೋನೊ ಮೊದಲು ಸೇರಿದ್ದ ಹಳೆಯ ಬ್ರಾಂಗ್ ಅಹಾಫೊ ಪ್ರಾಂತ್ಯದ ಯೆಜಿಯಲ್ಲಿರುವ ಮಥಾಯಸ್ ಆಸ್ಪತ್ರೆಯಲ್ಲಿ 2004ರ ಸುಮಾರಿಗೆ ಹಿಂದಿನ ಪ್ರತಿವಿಷದ ಬದಲು ಭಾರತದಲ್ಲಿ ತಯಾರಾದ ಹೊಸದೊಂದನ್ನು ಬಳಸಿದಾಗ ಹಾವು ಕಚ್ಚಿದವರ ಸಾವಿನ ಪ್ರಮಾಣ ಶೇ. 1.8ರಿಂದ 12.1ಕ್ಕೆ ಏರಿತ್ತು. ನಿಮಗೆ ನೆರವಾಗುವ ಮನಸ್ಸಿದ್ದರೆ ಬೀಜ ಹೆಕ್ಕುವವರಿಗೆ ಗಮ್‌ಬೂಟು, ಉದ್ದನೆಯ ಕೋಲು ಕೊಡಿ. ಕಚ್ಚಿದಾಗ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ, ಅಲ್ಲಿಗೆ ಹೋಗುವ ಗಾಡಿಯವನ ನಂಬರು ತೋಟದಲ್ಲಿರಲಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ: ಅಲ್ಲಿನ ಆಸ್ಪತ್ರೆ ಬಿಸುಟ ಯಂತ್ರಗಳನ್ನು ಕಂಟೇನರಿನಲ್ಲಿ ತುಂಬಬೇಡಿ. ನಿಮ್ಮದು 120 ವೋಲ್ಟ್, ಘಾನಾದ್ದು 230. ರಿಪೇರಿಯವರಿಲ್ಲ, ಬಿಡಿಭಾಗವಿಲ್ಲ. ಆಮದು ತೆರಿಗೆಯ ವಿನಾಯಿತಿ ತಾನಾಗಿ ಸಿಗದು. ತೆಮಾ ಬಂದರಿನಲ್ಲಿ ನಿಂತ ದಿನಕ್ಕೆಲ್ಲ ಬಾಡಿಗೆ ಏರುತ್ತದೆ. ವೈದ್ಯ ಮಿತ್ರರಿಗೆ: ಒಂದು ವಾರದ ಶಿಬಿರವಾದರೂ ಅಲ್ಲಿನ ವೈದ್ಯಕೀಯ ಮಂಡಳಿಯ ತಾತ್ಕಾಲಿಕ ನೋಂದಣಿ ಬೇಕು.

ನಿಮ್ಮ ಬಗ್ಗೆಯೂ ಒಂದು ಮಾತು. ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮುಂಚೆಯಾದರೂ ಆಗಿರಬೇಕು. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಪುಸ್ತಕ ಇಲ್ಲದೆ ಮರಳಿದರೆ ಇಲ್ಲಿ ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೈನ್, ಆರು ದಿನದವರೆಗೆ.

8. ಲೆಕ್ಕ ಮತ್ತು ಫೋಟೊ

ಯಾವುದೇ ಖರೀದಿಗೆ ಮೂರು ಅಂಗಡಿಯ ದರಪಟ್ಟಿ ಕೇಳಿ. ಅಲ್ಲಿ "ಪ್ರೊಫಾರ್ಮಾ" ಎಂದರೆ ಎಲ್ಲರಿಗೂ ಗೊತ್ತು. ದುಡ್ಡು ಅಂಗಡಿಗೆ ಹೋಗಲಿ, ಸಾಮಾನು ಶಾಲೆಯ ದಾಸ್ತಾನು ಪುಸ್ತಕದಲ್ಲಿ ಏರಲಿ, ಆ ಪುಟದ ಚಿತ್ರ ನಿಮಗೆ ಬರಲಿ. ಓಡಾಡಿದವರಿಗೆ ಬಸ್ ಖರ್ಚು, ಊಟದ ಖರ್ಚು ಬಜೆಟ್ಟಿನಲ್ಲೇ ಬರೆದಿಡಿ. ಬರೆಯದಿದ್ದರೆ ಅದು ಬೇರೆ ಕಡೆಯಿಂದ ಹೋಗುತ್ತದೆ, ಆಗ ನೀವು ಅವರನ್ನು ಕಳ್ಳರೆನ್ನುತ್ತೀರಿ.

ಮಕ್ಕಳ ಫೋಟೊ ಹಾಕಲೇಬೇಕೆನಿಸಿದರೆ ತಂದೆತಾಯಿಯನ್ನು ಕೇಳಿ. ಚಿಕಿತ್ಸೆಯಲ್ಲಿರುವ ಮಗುವಿನದ್ದು ಬೇಡ. ಪಾಲಿಟ್ಯಾಂಕಿನ ಮೇಲೆ ನಿಮ್ಮ ಹೆಸರು ಬರೆಸುವುದು ನಿಮ್ಮಿಷ್ಟ. ಆದರೆ ನಲ್ಲಿ ಸೋರಿದಾಗ ಊರವರು ಫೋನು ಮಾಡುವುದು ಆ ಹೆಸರಿನವರಿಗೇ.

ಎರಡನೆಯ ವರ್ಷದ ದುಡ್ಡು ಕಳಿಸುವ ಮುಂಚೆ ಮೂರು ಸಂಖ್ಯೆ ತರಿಸಿಕೊಳ್ಳಿ: ಕಳೆದ ವರ್ಷ ಪೆಟ್ಟಿಗೆ ಪಡೆದವರಲ್ಲಿ ಎಷ್ಟು ಮಂದಿ ಇನ್ನೂ ಶಾಲೆಯಲ್ಲಿದ್ದಾರೆ, ಶಾಲೆಯ ಎಷ್ಟು ಮಕ್ಕಳ ವಿಮೆ ಕಾರ್ಡು ಇಂದು ಜೀವಂತವಾಗಿದೆ, ಬೀಜದ ತಿಂಗಳಲ್ಲಿ ಹಾಜರಿ ಎಷ್ಟು. ಮೂರೂ ಮುಖ್ಯೋಪಾಧ್ಯಾಯರ ಮೇಜಿನ ಮೇಲಿನ ಪುಸ್ತಕಗಳಲ್ಲೇ ಇರುತ್ತವೆ.